ಮೊದಲು ಮುಗಿಯುವಂಥದ್ದು

ಸಂಪಾಜೆಯಿಂದ ಫೋನ್ ಬಂದಾಗ ನಾನು ಮೈದಾನದಲ್ಲಿ ಹುಡುಗಿಯರಿಗೆ ಪೆನಾಲ್ಟಿ ಕಾರ್ನರ್ ಅಭ್ಯಾಸ ಮಾಡಿಸುತ್ತಿದ್ದೆ.

"ಸಾರ್, ದೊಡ್ಡಮ್ಮ ಬೆಳಿಗ್ಗೆ ಹೋದ್ರು" ಎಂದಳು ಸಿಸ್ಟರಮ್ಮನ ತಂಗಿಯ ಮಗಳು. "ನಿದ್ದೆಯಲ್ಲೇ. ಎಂಥದೂ ಕಷ್ಟಪಡ್ಲಿಲ್ಲ."

ಸೀಟಿ ಊದಿ ಆಟ ನಿಲ್ಲಿಸಿದೆ. ಯಾಕೆಂದು ಕೇಳಿದ ಹುಡುಗಿಯರನ್ನು ಮನೆಗೆ ಕಳಿಸಿದೆ. ಅವರಲ್ಲಿ ಯಾರೂ ಸಿಸ್ಟರಮ್ಮನನ್ನು ನೋಡಿದವರಲ್ಲ. ಸಿಸ್ಟರಮ್ಮ ಸುಂಟಿಕೊಪ್ಪ ಬಿಟ್ಟ ಮೇಲೆ ನಮ್ಮ ಶಾಲೆಯಲ್ಲಿ ಮಕ್ಕಳ ಒಂದು ತಲೆಮಾರೇ ಬದಲಾಗಿದೆ. ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಮಂಗಳೂರಿನ ಬಸ್ಸು ಹತ್ತಿ ಸಂಪಾಜೆಯಲ್ಲಿ ಇಳಿದೆವು. ಚರ್ಚಿನ ಹಿಂದಿನ ಸಣ್ಣ ಸ್ಮಶಾನದಲ್ಲಿ ಮಣ್ಣು ಹಾಕಿ ಬಂದೆವು. ಅಂದಿನಿಂದ ಅವರ ಬಗ್ಗೆ ಬರೆಯಬೇಕೆಂದು ಅನ್ನಿಸುತ್ತಲೇ ಇದೆ.

ಸಿಸ್ಟರಮ್ಮ ಸನ್ಯಾಸಿನಿಯಲ್ಲ. ಎಸ್ಟೇಟ್ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಮನೆಮಾತು ಮಲಯಾಳ. ತೋಟದ ಕೆಲಸಗಾರರ ಲೈನ್ ಮನೆಗಳ ಹೆಂಗಸರ ಜೊತೆ ತಮಿಳು, ಸಂತೆಯಲ್ಲಿ ತುಳು, ನಮ್ಮ ಜೊತೆ ಕನ್ನಡ. ಸಿಟ್ಟು ಬಂದರೆ ಮಾತ್ರ ಯಾರ ಜೊತೆಯಾದರೂ ಸರಿ, ಮಲಯಾಳವೇ. ಎತ್ತರದ ಆಳು, ಅಗಲ ದವಡೆ. ಕೈಗಡಿಯಾರದ ಮುಖವನ್ನು ನಾಡಿ ನೋಡುವವರ ಹಾಗೆ ಅಂಗೈ ಕಡೆಗೆ ತಿರುಗಿಸಿ ಕಟ್ಟುತ್ತಿದ್ದರು. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಅವರ ಮನೆ ನಮ್ಮ ಬಾಡಿಗೆ ಮನೆಯ ಎದುರಿಗೇ ಇತ್ತು. ಅದರ ಮುಂದಿನ ಕೋಣೆಯೇ ಅಂಗಡಿ. ಗಾಜಿನ ಭರಣಿಗಳಲ್ಲಿ ಗುಂಡಿ, ಡಬ್ಬದಲ್ಲಿ ಜಿಪ್ಪು, ಬಿದಿರ ಗಳಕ್ಕೆ ತೂಗುಹಾಕಿದ ಬಣ್ಣಬಣ್ಣದ ಉಲ್ಲನ್. ಬೋರ್ಡಿರಲಿಲ್ಲ. ಊರಿಗೆ ಗೊತ್ತಿದ್ದದ್ದಕ್ಕೆ ಬೋರ್ಡ್ ಯಾಕೆ ಎನ್ನುವುದು ಅವರ ಪ್ರಶ್ನೆ.

ಅಂಗಡಿಯಲ್ಲಿ ಅವರ ನಡವಳಿಕೆ ವ್ಯಾಪಾರದವರದ್ದಾಗಿರಲಿಲ್ಲ. ಉಲ್ಲನ್ ಕೇಳಿದವರಿಗೆ ಮೊದಲು ಸ್ಟೂಲ್ ತೋರಿಸುತ್ತಿದ್ದರು. ಕೂತ ಮೇಲೆ ಪ್ರಶ್ನೆ. "ಮೊದಲು ಹೆಣೆದಿದ್ದೀರಾ?" ಇಲ್ಲ ಎಂದರೆ, "ಯಾರಿಗೆ?" ಅದಕ್ಕೂ ಉತ್ತರ ಬಂದ ಮೇಲೆ ಕೈ ಚಾಚಲು ಹೇಳಿ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದರು. ಇದು ಬಿಗಿ ಕೈ, ಇದು ಸಡಿಲ ಕೈ ಎಂದು ಅಲ್ಲೇ ತೀರ್ಪು. ಬಿಗಿ ಕೈಯವರಿಗೆ ದಪ್ಪ ಕಡ್ಡಿ, ಸಡಿಲ ಕೈಯವರಿಗೆ ಸ್ವಲ್ಪ ಸಪೂರದ್ದು. ಇಷ್ಟೆಲ್ಲ ಆದ ಮೇಲೂ ಎಷ್ಟೋ ಜನ ತಾವು ಕೇಳಿದ ಉಲ್ಲನ್ ಇಲ್ಲದೆಯೇ ಹೊರಡುತ್ತಿದ್ದರು.

ಒಮ್ಮೆ ಕೊಡ್ಲಿಪೇಟೆ ಕಡೆಯಿಂದ ಮದುವೆಯಾಗಿ ಬಂದ ಹೊಸ ಹುಡುಗಿ ಗಂಡನಿಗೆ ಸ್ವೆಟರ್ ಹೆಣೆಯಬೇಕೆಂದು ಬಂದಳು. ನಮ್ಮ ಹುಟ್ಟೂರಿನ ಕಡೆಯವಳೆಂದು ನನ್ನ ಹೆಂಡತಿಯೇ ಕರೆದುಕೊಂಡು ಹೋಗಿದ್ದಳು.

"ಗಂಡನ ತೋಳು ಎಷ್ಟು ಉದ್ದ?" ಸಿಸ್ಟರಮ್ಮ ಕೇಳಿದರು.

ಹುಡುಗಿ ನಾಚಿ ತಲೆ ತಗ್ಗಿಸಿದಳು.

"ಗೊತ್ತಿಲ್ಲ ಅಲ್ವಾ? ಹಾಗಾದ್ರೆ ಸ್ವೆಟರ್ ಈಗ ಬೇಡ. ಮೊದಲು ಅವನ ಮೊಬೈಲಿಗೆ ಒಂದು ಚೀಲ ಹೆಣಿ. ಮೊಬೈಲ್ ದಪ್ಪ ಆಗಲ್ಲ, ಸಪೂರ ಆಗಲ್ಲ. ನಾಳೆ ಸಂಜೆಗೆ ಮುಗೀತದೆ. ಅವನು ದಿನಾ ಜೇಬಿಂದ ತೆಗೀವಾಗ ನೀನು ನೆನಪಾಗ್ತೀ."

ಒಬ್ಬ ಎಸ್ಟೇಟ್ ಮ್ಯಾನೇಜರರ ಹೆಂಡತಿ ಜಾಲರಿ ಶಾಲಿಗೆಂದು ನೂಲಿನಷ್ಟು ತೆಳುವಾದ ಉಲ್ಲನ್ ಕೇಳಿದರು. ಹೆಣಿಗೆಗೆ ಅವರೂ ಹೊಸಬರೇ. ಸಿಸ್ಟರಮ್ಮ ಕೊಡಲಿಲ್ಲ. ಆಕೆ ಕಾರಿನ ಬಾಗಿಲು ಬಡಿದು ಹೋದವರು ಮತ್ತೆ ಆ ಬೀದಿಗೆ ಬರಲಿಲ್ಲ. "ವ್ಯಾಪಾರ ಹೋಯ್ತಲ್ಲ" ಎಂದಳು ನನ್ನ ಹೆಂಡತಿ. "ಹೋಗ್ಲಿ. ಅರ್ಧ ಶಾಲು ಇಟ್ಕೊಂಡು ಜೀವಮಾನ ಪೂರ್ತಿ ನನ್ನನ್ನು ಬೈಯೋದು ತಪ್ಪಿತು" ಎಂದರು ಸಿಸ್ಟರಮ್ಮ.

ಆಗೆಲ್ಲ ನಾನು ಎದುರಿನ ಜಗಲಿಯಲ್ಲಿ ಕೂತು ಇದನ್ನು ತಮಾಷೆಯಾಗಿ ನೋಡುತ್ತಿದ್ದೆ. ನಾನು ಶಾಲೆಯ ಪಿ.ಟಿ. ಮೇಷ್ಟ್ರು. ಹಾಕಿ ಕೋಲು ಬಿಟ್ಟರೆ ಬೇರೆ ಕೋಲು ನನಗೆ ಗೊತ್ತಿರಲಿಲ್ಲ.

ಒಂದು ವರ್ಷ ಮಳೆ ಬಿಟ್ಟ ಮೇಲೆ, ಗೋಲು ಕಾಯುವ ಹೊಸ ಹುಡುಗಿಗೆ ಚೆಂಡು ತಡೆಯುವುದನ್ನು ತೋರಿಸುತ್ತಿದ್ದಾಗ ಚೆಂಡು ನೇರ ನನ್ನ ಬಲಗೈಗೆ ಬಡಿಯಿತು. ಗ್ಲೌಸ್ ಹಾಕಿರಲಿಲ್ಲ. ಎರಡು ಬೆರಳು ಮುರಿದವು, ಅಂಗೈಯ ಮೂಳೆಯೊಂದು ಬಿರಿಯಿತು. ಮಡಿಕೇರಿಯಲ್ಲಿ ಪ್ಲಾಸ್ಟರ್ ಹಾಕಿದರು. ಅದನ್ನು ಬಿಚ್ಚಿದ ದಿನ ಕೈ ನನ್ನದೆಂದೇ ಅನ್ನಿಸಲಿಲ್ಲ. ಬೆರಳುಗಳು ಒಣಗಿದ ಕೊಂಬೆಗಳ ಹಾಗೆ ನೆಟ್ಟಗೆ ನಿಂತಿದ್ದವು. ಮುಷ್ಟಿ ಕಟ್ಟಲು ಹೋದರೆ ಅರ್ಧಕ್ಕೇ ನೋವು. ಅನ್ನ ಕಲಸಲು ಆಗುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲು ಹೆಂಡತಿಯನ್ನು ಕರೆಯಬೇಕಾಗಿತ್ತು.

ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಒತ್ತಲು ಹೇಳಿದ್ದರು. ಕೆಲವು ದಿನ ಒತ್ತಿದೆ. ಏನೂ ಆಗುತ್ತಿಲ್ಲ ಅನ್ನಿಸಿ ಬೇಸರ ಹತ್ತಿತು. ಚೆಂಡನ್ನು ಹಿಡಿದುಕೊಂಡು ಸುಮ್ಮನೆ ಜಗಲಿಯಲ್ಲಿ ಕೂರತೊಡಗಿದೆ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ಒಳ್ಳೆಯ ಮಾತಿನಲ್ಲೇ, "ಈ ವರ್ಷ ಟೀಮನ್ನು ಬೇರೆಯವರು ನೋಡಿಕೊಳ್ಳಲಿ, ನೀವು ಲೈಬ್ರರಿ ನೋಡಿ" ಎಂದರು. ನಾನು ಆಗಲಿ ಎಂದುಬಿಟ್ಟೆ. ಹಾಗೆ ಅಷ್ಟು ಸಲೀಸಾಗಿ ಒಪ್ಪಿದ್ದು ಕೈಯ ನೋವಿಗಿಂತ ಹೆಚ್ಚು ತನ್ನನ್ನು ಹೆದರಿಸಿತು ಎಂದು ಹೆಂಡತಿ ಆಮೇಲೆ ಹೇಳಿದಳು.

ಒಂದು ಸಂಜೆ ಸಿಸ್ಟರಮ್ಮ ಬೀದಿ ದಾಟಿ ನಮ್ಮ ಗೇಟಿನ ಹತ್ತಿರ ಬಂದು ನಿಂತರು.

"ಮಾಷ್ಟ್ರೇ, ಆ ಬಾಲ್ ಒತ್ತಿ ಒತ್ತಿ ಎಂಥ ಬಂತು?"

"ವ್ಯಾಯಾಮ ಸಿಸ್ಟರಮ್ಮ."

"ಅದು ಗೊತ್ತುಂಟು. ಒತ್ತಿದ್ದಕ್ಕೆ ಕೊನೆಗೆ ಕೈಯಲ್ಲಿ ಎಂಥ ಉಳಿತು? ಬಾಲೇ ಅಲ್ವಾ? ಅದಕ್ಕೇ ನಿಮಗೆ ಬೇಜಾರು. ನಾಳೆ ಅಂಗಡಿಗೆ ಬನ್ನಿ."

ನಾನು ನಕ್ಕೆ. ಅವರು ನಗಲಿಲ್ಲ. ನನ್ನ ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡು ಒಂದೊಂದೇ ಬೆರಳನ್ನು ಬಗ್ಗಿಸಿ ನೋಡಿದರು. ನಾನು ಹಲ್ಲು ಕಚ್ಚಿದೆ.

"ಈ ಕೈ ಸರಿಯಾಗ್ತದೆ. ನಾನು ಹೇಳ್ತಿದ್ದೇನೆ" ಎಂದು ಕೈಯನ್ನು ಹಿಂದಕ್ಕೆ ಕೊಟ್ಟು ಹೋದರು.

ಹೆಂಡತಿ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಹೋಗಿ ಬರ್ರೀ. ನಿಮ್ಮ ಮಾನ ಏನೂ ಹೋಗಕಿಲ್ಲ. ಇಲ್ಲಿ ಕೂತ್ಕಂಡು ರೋಡ್ ನೋಡ್ತಿರದಕ್ಕಿಂತ ವಾಸಿ" ಎಂದಳು.

ಮಾನದ ಪ್ರಶ್ನೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಹಾಗಾಗಿ ಮರುದಿನ ನಾನು ಸಿಸ್ಟರಮ್ಮನ ಅಂಗಡಿಗೆ ಹೋಗದೆ ಬಸ್ಸು ಹತ್ತಿ ಕುಶಾಲನಗರಕ್ಕೆ ಹೋದೆ. ಹೆಣೆಯುವುದೇ ಆದರೆ ಯಾರ ಕಣ್ಣಿಗೂ ಬೀಳದೆ ನಾನೇ ಕಲಿತರಾಯಿತು ಎಂಬ ಯೋಚನೆ. ಅಲ್ಲೊಂದು ಅಂಗಡಿಯಲ್ಲಿ ಸಪೂರ ಸ್ಟೀಲ್ ಕಡ್ಡಿ, ಕೊಳೆ ಕಾಣದಿರಲೆಂದು ಕಪ್ಪು ಉಲ್ಲನ್ ಕೊಂಡೆ. ನನಗೇ ಒಂದು ಮಫ್ಲರ್ ಎಂದು ತೀರ್ಮಾನಿಸಿದ್ದೆ. ಗೆರೆ ಎಳೆದ ಹಾಗೆ ನೇರ ಹೋಗುವ ವಸ್ತು, ಇದಕ್ಕಿಂತ ಸುಲಭದ್ದು ಯಾವುದಿದೆ? ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು ಒಳಕೋಣೆಯಲ್ಲಿ ಕೂತೆ. ಸ್ಟೀಲ್ ಕಡ್ಡಿಯಿಂದ ಕುಣಿಕೆಗಳು ಜಾರಿಬಿದ್ದವು. ಕಪ್ಪು ದಾರದಲ್ಲಿ ಬಿದ್ದ ಕುಣಿಕೆ ಎಲ್ಲಿ ಹೋಯಿತೆಂದು ಕಾಣುತ್ತಿರಲಿಲ್ಲ. ಹೇಗೋ ಒಂದು ಗೇಣು ಹೆಣೆದಾಗ ಆ ಮಫ್ಲರ್ ಬುಡದಲ್ಲಿ ನನ್ನ ಅಂಗೈಯಷ್ಟಿದ್ದದ್ದು ತುದಿಯಲ್ಲಿ ಮೊರದಷ್ಟಾಗಿತ್ತು.

ಅದನ್ನು ಚೀಲಕ್ಕೆ ತುಂಬಿಕೊಂಡು ಬೀದಿ ದಾಟಿದೆ. ಸಿಸ್ಟರಮ್ಮ ಅದನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಬಹಳ ಹೊತ್ತು ನಕ್ಕರು. ನಾನೂ ನಕ್ಕೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು.

"ಮಫ್ಲರ್ ಯಾಕೆ ಮಾಷ್ಟ್ರೇ?"

"ಸುಲಭ ಅಂತ."

"ಸುಲಭವೇ. ಆದ್ರೆ ಉದ್ದ. ಸುಲಭದ್ದೆಲ್ಲ ಬೇಗ ಮುಗಿಯಲ್ಲ. ಹೊಸಬರಿಗೆ ಸುಲಭದ್ದು ಬೇಡ, ಮುಗಿಯುವಂಥದ್ದು ಬೇಕು. ಒಂದು ಮುಗಿಸಿದವರು ಎರಡನೇದು ಶುರು ಮಾಡ್ತಾರೆ. ಅರ್ಧ ಬಿಟ್ಟವರು ಕಡ್ಡಿಯನ್ನ ಅಟ್ಟಕ್ಕೆ ಹಾಕ್ತಾರೆ."

ಆಮೇಲೆ ಅವರು ಗಳದ ಕಡೆ ತಿರುಗಿ ಒಂದು ಉಂಡೆ ಇಳಿಸಿದರು. ಎಳೆ ಅಡಿಕೆಯ ಹಸಿರಿನ ಬಣ್ಣ. ದಪ್ಪ, ನುಣುಪು, ಕೂದಲೇಳದ ದಾರ. ಕುಣಿಕೆ ಕಣ್ಣಿಗೆ ಕಾಣಬೇಕಾದರೆ ತಿಳಿ ಬಣ್ಣ ಬೇಕು, ಬೆರಳಿಗೆ ಸಿಗಬೇಕಾದರೆ ದಪ್ಪ ಇರಬೇಕು ಎಂದರು. ಕಡ್ಡಿಯೂ ಸ್ಟೀಲಿನದ್ದಲ್ಲ, ಬಿದಿರಿನದ್ದು. ಬಿದಿರು ದಾರವನ್ನು ಹಿಡಿದುಕೊಳ್ಳುತ್ತದೆ, ಸ್ಟೀಲು ಬಿಟ್ಟುಕೊಡುತ್ತದೆ.

"ಯಾರಿಗೆ?"

ನಾನು ಉಂಡೆಯನ್ನು ಎಡಗೈಯಲ್ಲಿ ತಿರುಗಿಸಿ ನೋಡಿದೆ.

"ಯಾರದ್ದಾದ್ರೂ ತಲೆ ನೆನಪು ಮಾಡ್ಕೊಳ್ಳಿ. ಯಜಮಾನರಿಲ್ಲದ ವಸ್ತು ಮುಗಿಯಲ್ಲ."

ಆಗ ಗೋಲು ಕಾಯುವ ಹುಡುಗಿ ನೆನಪಾದಳು. ಎಸ್ಟೇಟಿನ ಲೈನ್ ಮನೆಯಿಂದ ಬರುತ್ತಿದ್ದವಳು. ಚಳಿ ಶುರುವಾಯಿತೆಂದರೆ ಅವಳಿಗೆ ಕಿವಿನೋವು. ಬೆಳಗಿನ ಅಭ್ಯಾಸಕ್ಕೆ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಬರುತ್ತಿದ್ದಳು. ನಾನು ಇತ್ತ ಕಡೆಯಿಂದ ಎಡಕ್ಕೆ ಎಂದು ಕೂಗಿದರೆ ಕೇಳಿಸದೆ ಬಲಕ್ಕೆ ಬೀಳುತ್ತಿದ್ದಳು. ಅದನ್ನು ಹೇಳಿದೆ.

"ಅಷ್ಟೇ ಬೇಕಿದ್ದದ್ದು" ಎಂದರು ಸಿಸ್ಟರಮ್ಮ. "ಕಿವಿಪಟ್ಟಿ. ನಾಲ್ಕು ಬೆರಳು ಅಗಲ, ತಲೆ ಸುತ್ತ ಬರುವಷ್ಟು ಉದ್ದ, ತುದಿ ತುದಿ ಸೇರಿಸಿ ಹೊಲಿದ್ರೆ ಆಯ್ತು. ಒಂದೇ ಥರದ ಕುಣಿಕೆ, ಹೋಗುವಾಗ್ಲೂ ಅದೇ, ಬರುವಾಗ್ಲೂ ಅದೇ. ಅಂಚು ಸೊಟ್ಟ ಆದ್ರೂ ಎಳೆದು ಕಟ್ಟಿದ್ಮೇಲೆ ಯಾರಿಗೂ ಕಾಣಲ್ಲ."

ಅವರ ಅಂಗಡಿಯ ಸ್ಟೂಲಿನ ಮೇಲೆ, ಬೀದಿಗೆ ಮುಖ ಮಾಡಿ ಕೂತು ನಾನು ಕಲಿತೆ. ಒಳಗೆ ಕೂರುತ್ತೇನೆ ಎಂದರೆ ಅವರು ಬಿಡಲಿಲ್ಲ, ಬೆಳಕು ಬೀದಿಯ ಕಡೆಯಿಂದಲೇ ಬರುವುದೆಂದು. ಬಸ್ ಸ್ಟ್ಯಾಂಡಿನಿಂದ ಬರುವವರು, ಸಂತೆಗೆ ಹೋಗುವವರು, ನನ್ನ ಹಳೆಯ ಶಿಷ್ಯರು, ಎಲ್ಲರೂ ನೋಡಿದರು. "ಏನ್ ಸಾರ್, ಹಾಕಿ ಬಿಟ್ಟು ಇದಕ್ಕೆ ಬಂದ್ರಾ?" ಎಂದು ಜೀಪು ನಿಲ್ಲಿಸಿ ಕೇಳಿದವನೊಬ್ಬನಿಗೆ ಸಿಸ್ಟರಮ್ಮನೇ ಉತ್ತರ ಕೊಟ್ಟರು. "ನಿನಗೂ ಒಂದು ಸ್ಟೂಲ್ ಉಂಟು, ಇಳೀ." ಅವನು ಗೇರು ಹಾಕಿದ.

ಮೊದಮೊದಲು ಬೆರಳು ಬಗ್ಗುತ್ತಿರಲಿಲ್ಲ. ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿಯಲಾಗದೆ ಅಂಗೈಗೂ ಹೆಬ್ಬೆರಳಿಗೂ ನಡುವೆ ಸಿಕ್ಕಿಸಿಕೊಂಡು ಹೆಣೆದೆ. ಸಂಜೆಗೆ ಕೈ ಬಾತುಕೊಳ್ಳುತ್ತಿತ್ತು. ಆಗ ಸಿಸ್ಟರಮ್ಮ ಬಿಸಿನೀರಿನ ಪಾತ್ರೆ ತಂದು ಎದುರಿಗಿಡುತ್ತಿದ್ದರು. ಕುಣಿಕೆ ತಪ್ಪಿದರೆ ಅವರೇ ಕೈಹಾಕಿ ಸರಿಮಾಡುತ್ತಿರಲಿಲ್ಲ. ತಪ್ಪಿದ ಜಾಗಕ್ಕೆ ಬೆರಳಿಟ್ಟು ಸುಮ್ಮನೆ ಕಾಯುತ್ತಿದ್ದರು. ನಾನು ಸಿಡುಕಿದರೆ ಬೀದಿಯ ಕಡೆ ನೋಡುತ್ತಿದ್ದರು. ಸಿಡುಕು ಇಳಿದು ನೋಡುವಾಗ ಬೆರಳು ಇನ್ನೂ ಅಲ್ಲೇ ಇರುತ್ತಿತ್ತು.

ಪಟ್ಟಿ ಬೆಳೆಯುವುದು ಕಣ್ಣಿಗೆ ಕಾಣುತ್ತಿತ್ತು. ಚೆಂಡಿನ ವಿಷಯದಲ್ಲಿ ಅವರು ಹೇಳಿದ್ದು ಆಗ ಅರ್ಥವಾಯಿತು. ನೋವು ಅಷ್ಟೇ ಇದ್ದರೂ ಇಲ್ಲಿ ನೋವಿನ ಪಕ್ಕದಲ್ಲಿ ಇನ್ನೊಂದು ಏನೋ ಉದ್ದವಾಗುತ್ತಿತ್ತು. ವಾರ ಕಳೆಯುವುದರೊಳಗೆ ಎರಡು ತುದಿ ಸೇರಿಸಿ ಹೊಲಿದೆ. ಅದೊಂದು ಚೆಂದದ ವಸ್ತುವೇನಲ್ಲ. ಒಂದು ಕಡೆ ಅಗಲ, ಒಂದು ಕಡೆ ಕಿರಿದು, ನಡುವೆ ಒಂದು ತೂತು. ಸಿಸ್ಟರಮ್ಮ ತಮ್ಮ ತಲೆಗೇ ಹಾಕಿಕೊಂಡು, ಕನ್ನಡಿ ನೋಡಿ, "ಮುಗೀತು" ಎಂದರು. ಆ ಒಂದೇ ಮಾತು. ನಾನು ಮನೆಗೆ ಹೋಗಿ ಯಾರ ಸಹಾಯವೂ ಇಲ್ಲದೆ ಅಂಗಿಯ ಗುಂಡಿ ಬಿಚ್ಚಿದೆ. ಬಿಚ್ಚಿದ ಮೇಲೆ ಹಾಕಿಯೂ ನೋಡಿದೆ.

ಮರುದಿನ ಬೆಳಿಗ್ಗೆ ಲೈಬ್ರರಿಯ ಕೀಲಿಯನ್ನು ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟು, ಟೀಮನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೆ. ಅವರು ನನ್ನ ಕೈ ನೋಡಿದರು, ಮುಖ ನೋಡಿದರು, ಸರಿ ಎಂದರು. ಮಂಜು ಬಿಡದ ಮೈದಾನದಲ್ಲಿ ಗೋಲಿನ ಹುಡುಗಿ ಕಿವಿಪಟ್ಟಿ ಎಳೆದುಕೊಂಡು ನಿಂತಳು. ನಾನು ಎಡಕ್ಕೆ ಎಂದೆ. ಎಡಕ್ಕೇ ಬಿದ್ದಳು. ಆ ಸಲ ಜಿಲ್ಲೆಯ ಪಂದ್ಯದಲ್ಲಿ ನಾವು ಸೆಮಿಫೈನಲಿನಲ್ಲಿ ಸೋತೆವು. ಸೋತದ್ದಕ್ಕೆ ಮೂರು ದಿನ ಸಿಟ್ಟಿನಲ್ಲಿದ್ದೆ. "ಈಗ ನಿಮಗೆ ಆರೋಗ್ಯ ಬಂತು" ಎಂದರು ಸಿಸ್ಟರಮ್ಮ.

ಅವರ ನಿಯಮವನ್ನು ಮುರಿದವಳು ಅದೇ ಗೋಲಿನ ಹುಡುಗಿ. ಅವಳ ಅಪ್ಪ ಎಸ್ಟೇಟಿನ ಕಾಫಿ ಕಣ ಕಾಯುವ ವಾಚರ್. ಒಣಹಾಕಿದ ಕಾಫಿಯ ಪಕ್ಕ ಇಬ್ಬನಿಯಲ್ಲೇ ಇರುಳು ಕಳೆಯುವ ಕೆಲಸ. ಅವಳು ಬಂದು ಅಪ್ಪನಿಗೆ ಸ್ವೆಟರ್ ಹೆಣೆಯಬೇಕು ಎಂದಳು.

"ಮೋಳೇ, ಮೊದಲು ಒಂದು ಪಟ್ಟಿ ಹೆಣಿ" ಎಂದರು ಸಿಸ್ಟರಮ್ಮ. ಮಗಳೇ ಎಂದು ಮಲಯಾಳದಲ್ಲಿ ಕರೆದರೆಂದರೆ ಪ್ರೀತಿಯಲ್ಲಿದ್ದಾರೆ ಎಂದೇ ಲೆಕ್ಕ.

"ಅಪ್ಪಂಗೆ ಚಳಿ ಮೈಗೆ ಆಗೋದು ಸಿಸ್ಟರಮ್ಮ. ಪಟ್ಟಿ ತಗೊಂಡು ಏನ್ ಮಾಡ್ತಾರೆ?"

"ಸ್ವೆಟರಿಗೆ ತೋಳು ಉಂಟು, ಕುತ್ತಿಗೆ ಉಂಟು. ಅರ್ಧಕ್ಕೆ ಬಿಡ್ತೀ."

"ಬಿಡಲ್ಲ."

"ಎಲ್ಲರೂ ಹಾಗೇ ಹೇಳೋದು."

ಹುಡುಗಿ ವಾದ ಮಾಡಲಿಲ್ಲ. ಸ್ಟೂಲಿನಿಂದ ಏಳಲೂ ಇಲ್ಲ. ಸಿಸ್ಟರಮ್ಮ ಸಿಟ್ಟಿಗೆದ್ದು ಮಲಯಾಳಕ್ಕೆ ತಿರುಗಿದರು. ಕೊನೆಗೆ ಸೋತು ಬೂದು ಬಣ್ಣದ ಉಲ್ಲನ್ ಇಳಿಸಿ ಕೊಟ್ಟರು. ಹುಡುಗಿ ಶಾಲೆಯ ಬಸ್ಸಿಗೆ ಕಾಯುವಾಗ, ಊಟದ ಬಿಡುವಿನಲ್ಲಿ, ಗೋಲಿನ ಕಂಬಕ್ಕೆ ಒರಗಿ ಕೂತು ಹೆಣೆಯುತ್ತಿದ್ದಳು. ಎಷ್ಟೋ ಸಲ ಬಿಚ್ಚಿದಳು. ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದು ಕಣ ಖಾಲಿಯಾಗುವ ಮೊದಲೇ ಸ್ವೆಟರ್ ತಂದು ಅಂಗಡಿಯ ಮೇಜಿನ ಮೇಲಿಟ್ಟಳು. ನಾನೂ ಅಲ್ಲೇ ಇದ್ದೆ. ಸಿಸ್ಟರಮ್ಮ ಅದನ್ನು ಒಳಹೊರಗು ಮಾಡಿ, ತೋಳಿನೊಳಗೆ ಕೈ ಹಾಕಿ, ಕುತ್ತಿಗೆ ಎಳೆದು ನೋಡಿದರು. ಒಂದು ತೋಳು ಇನ್ನೊಂದಕ್ಕಿಂತ ತುಸು ಉದ್ದವಿತ್ತು, ಅಷ್ಟೇ.

"ಮಾಷ್ಟ್ರೇ, ಇದು ಹೇಗಾಯ್ತು?" ಎಂದು ನನ್ನನ್ನು ಕೇಳಿದರು.

"ನೀವು ಆಗಲ್ಲ ಅಂದಿದ್ರಲ್ಲ."

"ಅಂದಿದ್ದೆ. ತಪ್ಪಾಯ್ತು. ನಾನು ಕೈ ನೋಡಿದೆ, ಅವಳು ಅಪ್ಪನ್ನ ನೋಡಿದ್ಳು."

ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಆ ಹುಡುಗಿಯ ಕಥೆ ಹೇಳುತ್ತಿದ್ದರು. ಕಥೆ ಕೇಳಿ ಯಾರಾದರೂ, ಹಾಗಾದರೆ ನಾನೂ ಸ್ವೆಟರಿನಿಂದಲೇ ಶುರು ಮಾಡುತ್ತೇನೆ ಎಂದರೆ ಮಾತ್ರ, "ನೀವು ಅವಳಲ್ಲ" ಎಂದು ಕಿವಿಪಟ್ಟಿಯ ದಾರ ಇಳಿಸುತ್ತಿದ್ದರು.

ವಿಚಿತ್ರವೆಂದರೆ ಸಿಸ್ಟರಮ್ಮ ತಾವಾಗಿ ಒಂದು ಸ್ವೆಟರನ್ನೂ ಹೆಣೆದವರಲ್ಲ. ನನಗೆ ಬಹಳ ಕಾಲ ಇದು ಗೊತ್ತಿರಲಿಲ್ಲ. ಕೇಳಿದಾಗ, "ದೊಡ್ಡದೆಲ್ಲ ನನಗೆ ಬೇಜಾರು. ಆಸ್ಪತ್ರೆಯಲ್ಲಿ ರೌಂಡ್ಸಿನ ನಡುವೆ ಎಷ್ಟು ಹೊತ್ತು ಸಿಗ್ತದೆ? ಆ ಹೊತ್ತಿಗೆ ಎಷ್ಟು ಆಗ್ತದೋ ಅಷ್ಟೇ ನನಗೆ ಬರೋದು" ಎಂದರು. ಅದರಲ್ಲಿ ನಾಚಿಕೆಯೂ ಇರಲಿಲ್ಲ, ದುಃಖವೂ ಇರಲಿಲ್ಲ. ಎಸ್ಟೇಟ್ ಆಸ್ಪತ್ರೆಯಲ್ಲಿ ಹುಟ್ಟಿದ ಎಷ್ಟೋ ಶಿಶುಗಳ ಕಾಲಿಗೆ ಅವರು ಹೆಣೆದ ಸಣ್ಣ ಕಾಲುಚೀಲಗಳು ಏರಿದ್ದವು ಎಂದು ಆಮೇಲೆ ಬೇರೆಯವರಿಂದ ಕೇಳಿದೆ.

ಮೊಣಕಾಲು ಕೈಕೊಟ್ಟ ಮೇಲೆ ಅವರು ಸಂಪಾಜೆಗೆ, ತಂಗಿಯ ಮಗಳ ಮನೆಗೆ ಹೋದರು. ಅಂಗಡಿಯ ಉಲ್ಲನ್ನನ್ನು ಬೀದಿಯ ಹೆಂಗಸರಿಗೆ ಹಂಚಿ, ಭರಣಿಗಳನ್ನು ನನ್ನ ಹೆಂಡತಿಗೆ ಕೊಟ್ಟು, ಕಣ್ಣೀರು ಹಾಕಿದವರಿಗೆ ಬೈದು, ಜೀಪಿನ ಮುಂದಿನ ಸೀಟಿನಲ್ಲಿ ಕೂತು ಹೋದರು. ನಾವು ವರ್ಷಕ್ಕೊಂದೆರಡು ಸಲ ಹೋಗಿ ನೋಡುತ್ತಿದ್ದೆವು.

ಕೊನೆಯ ಸಲ ಹೋದದ್ದು ಈ ಬೇಸಿಗೆಯಲ್ಲಿ. ಘಟ್ಟ ಇಳಿದರೆ ಸೆಕೆ. ಅವರು ಜಗಲಿಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದರು. ತೂಕ ಇಳಿದಿತ್ತು. ಧ್ವನಿ ಇಳಿದಿರಲಿಲ್ಲ. ಕಾಫಿ ಬಂತು, ಊರಿನ ಸುದ್ದಿಯೆಲ್ಲ ಮುಗಿಯಿತು. ಆಗ, "ಕೈ ಕೊಡಿ" ಎಂದರು.

ಕೊಟ್ಟೆ. ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿದರು. ಉಂಗುರದ ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಅಲ್ಲಿಗೆ ಬಂದಾಗ ನಿಲ್ಲಿಸಿದರು.

"ಮಾಷ್ಟ್ರೇ, ಒಂದು ಹೇಳ್ತೇನೆ. ಬೇಜಾರು ಮಾಡ್ಬಾರ್ದು. ಅವತ್ತು ನಿಮ್ಮ ಗೇಟಿನ ಹತ್ರ ಈ ಕೈ ನೋಡಿದಾಗ ನನಗೆ ಇದು ಸರಿಯಾಗ್ತದೆ ಅಂತ ಅನ್ನಿಸಿರ್ಲಿಲ್ಲ. ಆಸ್ಪತ್ರೆಯಲ್ಲಿ ಇಂಥ ಕೈ ತುಂಬ ನೋಡಿದ್ದೆ. ಹೆಚ್ಚಿನವು ಹಾಗೇ ಉಳಿದಿದ್ವು."

ನನ್ನ ಹೆಂಡತಿ ಲೋಟ ಕೆಳಗಿಟ್ಟಳು.  ನಾನು ಕೇಳಿದೆ.

"ಮತ್ತೆ ಅಷ್ಟು ಧೈರ್ಯವಾಗಿ ಹೇಳಿದ್ರಲ್ಲ, ಸರಿಯಾಗ್ತದೆ ಅಂತ?"

"ನಿಮ್ಮ ಹತ್ರ ಧೈರ್ಯ ಇರ್ಲಿಲ್ಲ. ಬೀದಿಯಲ್ಲಿ ಯಾರಾದ್ರೂ ಒಬ್ಬರ ಹತ್ರ ಇರ್ಬೇಕಲ್ಲ."

"ಸರಿಯಾಗದೇ ಹೋಗಿದ್ರೆ ಏನ್ ಮಾಡ್ತಿದ್ರಿ?"

ಸಿಸ್ಟರಮ್ಮ ನನ್ನ ಬಲಗೈಯನ್ನು ಬಿಟ್ಟು, ಬೀಸಣಿಗೆ ತೆಗೆದುಕೊಂಡು ಎರಡು ಸಲ ಬೀಸಿಕೊಂಡರು.

"ಎಂಥ ಮಾಡೋದು? ಎಡಗೈಯಲ್ಲಿ ಶುರು ಮಾಡಿಸ್ತಿದ್ದೆ."